ಹೋಗಿ ಬರ್ತೀನಿ ಅಂತ ಹೇಳಿಯೇ ಹೋಗಿ

ಕೆಲಸಕ್ಕೆ ಹೋಗುವವರ ಮಕ್ಕಳನ್ನು ನಾನು ನೋಡಿಕೊಳ್ಳುವ ನಮ್ಮ ಮನೆಯ ಬಾಗಿಲಲ್ಲಿ ಮೊದಲೆಲ್ಲ ದಿನಾ ಬೆಳಿಗ್ಗೆ 8ರಿಂದ 8.30ರ ಒಳಗೆ ಒಂದು ಮೋಸ ನಡೆಯುತ್ತಿತ್ತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡುತ್ತಿರಲಿಲ್ಲ. ಅಮ್ಮ ಮಗುವನ್ನು ಒಳಗೆ ತಂದು ಆಟದ ಡಬ್ಬಿಯ ಮುಂದೆ ಕೂರಿಸುತ್ತಾರೆ, "ನೋಡು ನೋಡು, ಕಿಟಕಿಯಲ್ಲಿ ಪಾರಿವಾಳ" ಅನ್ನುತ್ತಾರೆ, ಮಗು ಆ ಕಡೆ ತಿರುಗಿದ ಕೂಡಲೇ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದ ಹಾಗೆ ಮೆಟ್ಟಿಲಿಳಿದು ಸ್ಟೇಷನ್ ಕಡೆ ಓಡುತ್ತಾರೆ. ಒಂದು ಲೋಕಲ್ ರೈಲು ತಪ್ಪಿದರೆ ಆಫೀಸಿನಲ್ಲಿ ಲೇಟ್ ಮಾರ್ಕ್. ಅವರ ಕಷ್ಟ ನನಗೆ ಗೊತ್ತು. ಆದರೆ ಪಾರಿವಾಳ ನೋಡಿ ತಿರುಗಿದ ಮಗುವಿನ ಮುಖ ನೋಡುವವಳು ನಾನು. ತಕ್ಷಣ ಅಳು ಬರುವುದಿಲ್ಲ. ಮೊದಲು ಹುಡುಕುತ್ತದೆ. ಬಾಗಿಲ ಹಿಂದೆ, ಅಡುಗೆಮನೆಯಲ್ಲಿ, ಪರದೆಯ ಹಿಂದೆ. ಎಲ್ಲೂ ಇಲ್ಲ ಅಂತ ಗೊತ್ತಾದ ಮೇಲೆ ನನ್ನ ಮುಖ ನೋಡುತ್ತದೆ. ಆಮೇಲೆ ಅಳು.

ಮರುದಿನ ಅದೇ ಮಗುವಿಗೆ ಪಾರಿವಾಳ ತೋರಿಸಿ ನೋಡಿ. ತಿರುಗುವುದೇ ಇಲ್ಲ. ಅಮ್ಮನ ದುಪಟ್ಟಾ ಮುಷ್ಟಿಯಲ್ಲಿ ಹಿಡಿದುಕೊಂಡು ಅಮ್ಮನನ್ನೇ ನೋಡುತ್ತಾ ನಿಲ್ಲುತ್ತದೆ. ಕಣ್ಣು ಆಚೆ ಹೋದರೆ ಅಮ್ಮ ಹೋಗಿಬಿಡುತ್ತಾಳೆ ಅಂತ ಎರಡೂವರೆ ವರ್ಷದ ಮಗು ಒಂದೇ ದಿನದಲ್ಲಿ ಕಲಿತುಬಿಟ್ಟಿರುತ್ತದೆ.

ನಾನು ಮುಂಬಯಿಯ ಮುಲುಂಡ್ ಪೂರ್ವದಲ್ಲಿ, ರೈಲು ಹಳಿಗೆ ಹತ್ತಿರದ ಒಂದು ಹಳೆಯ ಸೊಸೈಟಿ ಕಟ್ಟಡದ ಮೊದಲ ಮಹಡಿಯಲ್ಲಿ 2008ರಿಂದ ಪಾಳಣಾಘರ ನಡೆಸುತ್ತಿದ್ದೇನೆ. ಊರ ಕಡೆಯವರಿಗೆ ಈ ಪದ ಹೊಸದಿರಬಹುದು. ಮರಾಠಿಯಲ್ಲಿ ಪಾಳಣಾ ಅಂದರೆ ತೊಟ್ಟಿಲು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳುವ ತೊಟ್ಟಿಲಮನೆ. ಒಂದು ಹಾಲ್, ಒಂದು ಬೆಡ್‌ರೂಮ್, ಗ್ರಿಲ್ ಹಾಕಿದ ಬಾಲ್ಕನಿ, ಏಳೆಂಟು ಮಕ್ಕಳು, ನಾನು, ನನ್ನ ಜೊತೆಗೆ ಸಹಾಯಕ್ಕೆ ಬರುವ ಒಬ್ಬ ಮಾವಶಿ. ನಾನು ಕುಮಟಾದವಳು, 1994ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ಮಕ್ಕಳಲ್ಲಿ ಕನ್ನಡದವರು, ತುಳುವಿನವರು, ಮರಾಠಿ, ಗುಜರಾತಿ, ಮಲಯಾಳಿ ಎಲ್ಲರೂ ಇದ್ದಾರೆ. ಎಲ್ಲರಿಗೂ ನಾನು ಕಾಕು, ಅಂದರೆ ಚಿಕ್ಕಮ್ಮ.

ನಮ್ಮ ಕಡೆ ಮನೆಯಿಂದ ಹೊರಡುವಾಗ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ. ಹಾಗಂದರೆ ಅಜ್ಜಿ ಬೈಯುತ್ತಿದ್ದರು. 'ಹೋಗಿ ಬರ್ತೀನಿ' ಅನ್ನಬೇಕು, ಇಲ್ಲವೇ ಸುಮ್ನೆ 'ಬರ್ತೀನಿ'. ಮರಾಠಿಯವರೂ ಹಾಗೇ, ಹೊರಡುವಾಗ 'ಯೇತೆ' ಅನ್ನುತ್ತಾರೆ, ಅಂದರೆ ಬರ್ತೀನಿ. ಶಕುನದ ಮಾತು ಅಂತ ನಾನು ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. ಈ ಬಾಗಿಲಲ್ಲಿ ಇಷ್ಟು ವರ್ಷ ನಿಂತ ಮೇಲೆ, ಈ ಮಾತಿನ ಅಗತ್ಯ ಎಲ್ಲರಿಗಿಂತ ಜಾಸ್ತಿ ಇರುವುದು ಎರಡು ವರ್ಷದ ಮಗುವಿಗೆ ಅಂತ ನನಗೆ ಅನಿಸಿದೆ. ಹೋಗುವುದೂ ಅದರಲ್ಲೇ ಇದೆ, ಬರುವುದೂ ಅದರಲ್ಲೇ ಇದೆ.

ಹಾಗಾಗಿ ಈಗ ನನ್ನಲ್ಲಿ ಒಂದು ನಿಯಮ. ಮಗುವಿಗೆ ಹೇಳದೆ ಯಾರೂ ಹೋಗುವ ಹಾಗಿಲ್ಲ. ಬಗ್ಗಿ, ಮಗುವಿನ ಕಣ್ಣಿಗೆ ಕಣ್ಣು ಕೊಟ್ಟು, "ಅಮ್ಮ ಆಫೀಸಿಗೆ ಹೋಗಿ ಬರ್ತೀನಿ, ನೀನು ಸಂಜೆ ಹಾಲು ಕುಡಿದು ಆಟ ಆಡ್ತಾ ಇರುವಾಗ ಬರ್ತೀನಿ" ಅಂತ ಹೇಳಿ, ಮಗು ಅಳುತ್ತಿದ್ದರೂ ಹೋಗಬೇಕು. ಮೊದಲೇ ಹೇಳಿಬಿಡುತ್ತೇನೆ, ಮೊದಲ ವಾರ ಅಳು ಜಾಸ್ತಿಯಾಗುತ್ತದೆ. ಕದ್ದು ಹೋಗುವಾಗ ಅಮ್ಮಂದಿರಿಗೆ ಆ ಅಳು ಕೇಳಿಸುತ್ತಿರಲಿಲ್ಲ, ಈಗ ಕೇಳಿಸುತ್ತದೆ. ಕೆಲವರು ಮೆಟ್ಟಿಲಲ್ಲಿ ನಿಂತು ತಾವೂ ಅಳುತ್ತಾರೆ. ಆದರೆ ಎರಡು ಮೂರು ವಾರ ಕಳೆದ ಮೇಲೆ ನೋಡಿ, ಮಗು ಬಾಗಿಲಲ್ಲಿ ಅತ್ತು, ಅಮ್ಮ ಹೋದ ಐದು ನಿಮಿಷಕ್ಕೆ ಆಟಕ್ಕೆ ಬರುತ್ತದೆ. ದಿನವಿಡೀ ಬಾಗಿಲು ಕಾಯುವುದಿಲ್ಲ. ಕಾಯಬೇಕಾಗಿಲ್ಲ ಅಂತ ಅದಕ್ಕೆ ಗೊತ್ತಾಗಿರುತ್ತದೆ.

ಹೊಸದಾಗಿ ಬರುವ ಅಪ್ಪ ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಎಬಿಸಿಡಿ, ನಂಬರ್ ಎಲ್ಲ ಕಲಿಸ್ತೀರಾ? ಮುಂದಿನ ವರ್ಷ ನರ್ಸರಿ ಅಲ್ವಾ?" ನಮ್ಮ ಏರಿಯಾದ ಮುನಿಸಿಪಲ್ ಶಾಲೆಯಲ್ಲಿ ತುಂಬಾ ವರ್ಷ ಒಂದನೇ ತರಗತಿಗೆ ಪಾಠ ಮಾಡಿದ ಟೀಚರ್ ಒಬ್ಬರು ನನ್ನ ಗೆಳತಿ. ಅವರನ್ನು ಒಮ್ಮೆ ಕೇಳಿದೆ, ಶಾಲೆಗೆ ಬರುವ ಮಗುವಿಗೆ ಏನು ಗೊತ್ತಿದ್ದರೆ ನಿಮಗೆ ಸುಲಭ ಅಂತ. ಅವರು ಅಕ್ಷರದ ಹೆಸರನ್ನೇ ಎತ್ತಲಿಲ್ಲ. ಬಾತ್‌ರೂಮಿಗೆ ಹೋಗಬೇಕು ಅಂತ ಬಾಯಿಬಿಟ್ಟು ಹೇಳಬೇಕು, ತನ್ನ ಸರದಿ ಬರುವವರೆಗೆ ನಿಲ್ಲಬೇಕು, ಪಕ್ಕದವನು ಪೆನ್ಸಿಲ್ ಕಿತ್ತುಕೊಂಡರೆ ಹೊಡೆಯುವ ಬದಲು ಕೊಡು ಅನ್ನಬೇಕು, ಬಿದ್ದರೆ ಯಾರ ಹತ್ತಿರ ಹೋಗಬೇಕು ಅಂತ ಗೊತ್ತಿರಬೇಕು. "ಇಷ್ಟಿದ್ದರೆ ಅಕ್ಷರ ನಾನು ಮೂರು ತಿಂಗಳಲ್ಲಿ ಕಲಿಸ್ತೀನಿ" ಅಂದರು.

ಈ ನಾಲ್ಕು ವಿಷಯ ಕೇಳಲು ಸಣ್ಣದಾಗಿ ಕಾಣುತ್ತವೆ. ಆದರೆ ಇವಕ್ಕೆಲ್ಲ ಎರಡು ಸಂಗತಿ ಬೇಕು. ಒಂದು, ಒಳಗೆ ಆಗುತ್ತಿರುವುದನ್ನು ಹೇಳಲು ಮಾತು. ಇನ್ನೊಂದು, ಹೇಳಿದರೆ ಕೇಳುವವರು ಇದ್ದಾರೆ, ಅವರು ಹೇಳಿದ್ದು ಆಗುತ್ತದೆ ಅನ್ನುವ ನಂಬಿಕೆ. ಕನ್ನಡದಲ್ಲಿ ಎರಡಕ್ಕೂ ಮಾತು ಅಂತಲೇ ಹೆಸರು. ಮಾತು ಕಲಿಯುವುದು, ಮಾತು ಉಳಿಸಿಕೊಳ್ಳುವುದು.

ಮೊದಲನೆಯದನ್ನು ನನಗೆ ಕಲಿಸಿದವನು ಕಿಟ್ಟು. ಇದು ಅವನ ನಿಜವಾದ ಹೆಸರಲ್ಲ. ಬಂದಾಗ ಅವನಿಗೆ 2 ವರ್ಷ 10 ತಿಂಗಳು. ಅಪ್ಪ ಅಮ್ಮ ಇಬ್ಬರೂ ಕುಂದಾಪುರದ ಕಡೆಯವರು, ಮನೆಯಲ್ಲಿ ಕನ್ನಡವೇ ಇತ್ತು. ನರ್ಸರಿ ಅಡ್ಮಿಷನ್ ವಿಚಾರಿಸಲು ಹೋದ ಒಂದು ಶಾಲೆಯಲ್ಲಿ, ಮನೆಯಲ್ಲಿ ಇಂಗ್ಲಿಷ್ ಮಾತಾಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತೆ ಅಂದರಂತೆ. ಆ ವಾರದಿಂದಲೇ ಮನೆಯ ಭಾಷೆ ಬದಲಾಯಿತು. ಅವನ ಅಮ್ಮನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಆದರೆ ಅದು ಆಫೀಸಿನ ಇಂಗ್ಲಿಷ್. ಮಗುವಿನ ಜೊತೆ ಕೊಂಡಾಟ ಮಾಡಲು ಅವರಿಗೆ ಆ ಭಾಷೆಯಲ್ಲಿ ಮಾತೇ ಇರಲಿಲ್ಲ. ಹಾಗಾಗಿ ಮನೆಯಲ್ಲಿ ಮಗುವಿನ ಕಿವಿಗೆ ಬೀಳುತ್ತಿದ್ದುದು ಕಮ್ ಹಿಯರ್, ಸಿಟ್ ಡೌನ್, ಈಟ್ ಫಾಸ್ಟ್, ವಾಟ್ ಕಲರ್ ಈಸ್ ದಿಸ್. ಅಪ್ಪಣೆ, ಇಲ್ಲವೇ ಪರೀಕ್ಷೆ.

ಕಿಟ್ಟುವಿಗೆ ಎಂಟು ಬಣ್ಣ ಗೊತ್ತಿತ್ತು. ತ್ರಿಕೋನ, ಚೌಕ, ವೃತ್ತ ಗೊತ್ತಿತ್ತು. 20ರವರೆಗೆ ಎಣಿಸುತ್ತಿದ್ದ. ಮೊದಲ ವಾರದಲ್ಲೇ ಮೂರು ಮಕ್ಕಳನ್ನು ಕಚ್ಚಿದ. ರಕ್ತ ಬರುವ ಹಾಗೆ. ಒಬ್ಬಳ ಅಮ್ಮ ಬಂದು ಕೂಗಾಡಿದರು, ಮಗಳನ್ನು ಬಿಡಿಸಿ ಕರೆದುಕೊಂಡು ಹೋದರು, ಅವರ ಸಿಟ್ಟು ತಪ್ಪು ಅಂತ ನಾನು ಹೇಳಲಾರೆ. ಮೊದಲಿಗೆ ನಾನೂ ಕಿಟ್ಟುವನ್ನು ಗದರಿದೆ. ಗದರಿದರೆ ಅವನು ಕಿವಿ ಮುಚ್ಚಿಕೊಂಡು ಗೋಡೆ ಕಡೆ ತಿರುಗುತ್ತಿದ್ದ. 'ಸಾರಿ' ಅನ್ನುತ್ತಿದ್ದ, ಅರ್ಧ ಗಂಟೆ ಬಿಟ್ಟು ಮತ್ತೆ ಕಚ್ಚುತ್ತಿದ್ದ.

ದೀಪಾವಳಿಗೆ ಊರಿಂದ ಅವನ ಅಜ್ಜಿ ಬಂದರು. ಮಗನ ಮನೆಯಲ್ಲಿ ಒಬ್ಬರೇ ಕೂತು ಬೇಜಾರಾಗಿ, ಮಧ್ಯಾಹ್ನದ ಹೊತ್ತು ನಮ್ಮಲ್ಲಿಗೆ ಬಂದು ಕೂರುತ್ತಿದ್ದರು. ಒಂದು ದಿನ ಇನ್ನೊಬ್ಬ ಹುಡುಗ ಕಿಟ್ಟು ಕಟ್ಟಿದ ಬ್ಲಾಕ್‌ಗಳನ್ನು ಒದ್ದು ಬೀಳಿಸಿದ. ಕಿಟ್ಟು ಬಾಯಿ ತೆರೆದು ಅವನ ಕಡೆ ನುಗ್ಗಿದ. ನಾನು ಏಳುವ ಮೊದಲೇ ಅಜ್ಜಿ ಕೂತಲ್ಲಿಂದಲೇ ಕೈ ಚಾಚಿ ಅವನನ್ನು ಮಡಿಲಿಗೆ ಎಳೆದುಕೊಂಡು, "ಎಂತಕ್ ಮರ್ಕುದ್ ಮಗಾ? ಸಿಟ್ ಬಂತಾ? ಸಿಟ್ ಬಪ್ದೇ, ಅಷ್ಟ್ ಚಂದ ಕಟ್ಟಿದ್ದೆ ನೀನು" ಅಂದರು. ಮರ್ಕುದು ಅಂದರೆ ಅಳುವುದು. ಅವನು ಅಳುತ್ತಿರಲಿಲ್ಲ, ಕಚ್ಚಲು ಹೊರಟಿದ್ದ. ಆದರೆ ಆ ಮಾತು ಕೇಳಿದ್ದೇ ತಡ, ಬಿಕ್ಕಿ ಬಿಕ್ಕಿ ಅಳಲು ಶುರು ಮಾಡಿದ. ಅಜ್ಜಿ ಬೆನ್ನು ಸವರುತ್ತಾ ಕೂತರು. ಬೇರೇನೂ ಹೇಳಲಿಲ್ಲ. ಹತ್ತು ನಿಮಿಷ ಆದ ಮೇಲೆ ಅವನೇ ತಲೆ ಎತ್ತಿ "ಸಿಟ್" ಅಂದ. ತನಗೆ ಆಗುತ್ತಿರುವುದಕ್ಕೆ ಒಂದು ಹೆಸರಿದೆ ಅಂತ ಗೊತ್ತಾದ ಮುಖ ಅದು. ನಾನು ಅದನ್ನು ಮರೆತಿಲ್ಲ.

ಅಜ್ಜಿ ಮೂರು ತಿಂಗಳು ಇದ್ದರು. ಕಚ್ಚುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ. ಮೊದಲು ದಿನಕ್ಕೊಮ್ಮೆ ಇದ್ದದ್ದು ವಾರಕ್ಕೊಮ್ಮೆ ಆಯಿತು. ಫೆಬ್ರವರಿ ಹೊತ್ತಿಗೆ ಒಂದು ದಿನ ಓಡಿಬಂದು ನನ್ನ ನೈಟಿ ಜಗ್ಗಿ "ಕಾಕು, ಸಿಟ್ ಬತ್ತಿತ್" ಅಂದ. ಸಿಟ್ಟು ಬಂದ ಮೇಲೆ ಅಲ್ಲ, ಬರುತ್ತಾ ಇರುವಾಗ. ಎಷ್ಟೋ ದೊಡ್ಡವರಿಗೆ ಈ ಶಕ್ತಿ ಇರುವುದಿಲ್ಲ.

ನನ್ನ ಮಗಳು ಮನಃಶಾಸ್ತ್ರ ಓದಿದವಳು. ಈ ಕಥೆ ಕೇಳಿ ಅವಳು ನನಗೊಂದು ಸಂಶೋಧನೆಯ ವಿಷಯ ಹೇಳಿದಳು. 2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು ದೊಡ್ಡವರನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಸಿಟ್ಟಿನ, ಹೆದರಿಕೆಯ ಮುಖಗಳನ್ನು ತೋರಿಸಿದರು. ಆ ಭಾವನೆಗೆ ಹೆಸರು ಹೇಳಿದಾಗ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಾಲ ಅನ್ನುವ ಭಾಗದ ಚಟುವಟಿಕೆ ಇಳಿಯಿತು. ಅದು ದೊಡ್ಡವರ ಮಿದುಳು, ನಿಜ. ನಮ್ಮನ್ನು ತಡೆದು ನಿಲ್ಲಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು 25ರ ಆಸುಪಾಸಿಗೆ ಅಂತೆ, ಮೂರು ವರ್ಷದ ಮಗುವಿನಲ್ಲಿ ಅದಿನ್ನೂ ಮೊಳಕೆ. ಅಲ್ಲಿಯವರೆಗೆ ದೊಡ್ಡವರ ಸಮಾಧಾನವೇ ಮಗುವಿನ ಸಮಾಧಾನ. ಅಜ್ಜಿಯ ಮಡಿಲಲ್ಲಿ ನಡೆದದ್ದು ಅದೇ.

ಈಗ ನಾನು ಹೇಳಬೇಕು ಅಂದುಕೊಂಡ ಮುಖ್ಯ ಮಾತು. ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳಿಗೆ ಭಾವನೆಯ ಹೆಸರುಗಳೂ ಕಾರ್ಟೂನಿನಿಂದಲೇ ಸಿಗುತ್ತಿವೆ. ಹ್ಯಾಪಿ, ಸ್ಯಾಡ್, ಆ್ಯಂಗ್ರಿ. ಮೂರೇ. ಗೋಡೆಗೆ ಅಂಟಿಸುವ ಚಾರ್ಟಿನಲ್ಲೂ ಅವೇ ಮೂರು ಹಳದಿ ಮುಖ. ನಮ್ಮ ಮನೆಮಾತಿನಲ್ಲಿ ಎಷ್ಟಿವೆ ನೋಡಿ. ಮುನಿಸು ಬೇರೆ, ಸಿಟ್ಟು ಬೇರೆ. ಸಿಟ್ಟು ಬಂದವನು ಹೊಡೆಯುತ್ತಾನೆ, ಮುನಿಸಿಕೊಂಡವನು ಮೂಲೆಯಲ್ಲಿ ಕೂತು ಯಾರಾದರೂ ಬಂದು ಪುಸಲಾಯಿಸಲಿ ಅಂತ ಕಾಯುತ್ತಾನೆ. ಮರಾಠಿಯಲ್ಲೂ ಅದಕ್ಕೆ ರುಸವಾ ಅಂತ ಬೇರೆಯೇ ಹೆಸರಿದೆ. ಹಟ ಬೇರೆ, ರಚ್ಚೆ ಬೇರೆ. ಹಟ ಮಾಡುವ ಮಗುವಿಗೆ ಏನೋ ಬೇಕಾಗಿದೆ. ರಚ್ಚೆ ಹಿಡಿದ ಮಗುವಿಗೆ ಏನು ಬೇಕು ಅಂತ ಅದಕ್ಕೇ ಗೊತ್ತಿಲ್ಲ, ಹೆಚ್ಚಾಗಿ ನಿದ್ದೆ ಬೇಕಾಗಿರುತ್ತದೆ. ಅಳುಕು, ದಿಗಿಲು, ನಾಚಿಕೆ, ಕಸಿವಿಸಿ, ಬೇಜಾರು, ಹೊಟ್ಟೆಕಿಚ್ಚು. ಹೊಟ್ಟೆಯಲ್ಲಿ ಕಿಚ್ಚು ಅಂದರೆ ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ, ತಂಗಿ ಹುಟ್ಟಿದ ಮನೆಯ ಮಗುವಿಗೆ ಅಂತೂ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಹುಡುಗಿ ಹೊಟ್ಟೆ ಮುಟ್ಟಿ ತೋರಿಸಿ "ಇಲ್ಲಿ ಕಿಚ್ಚು, ಪಾಪುವಿಗೆ" ಅಂದಿದ್ದಳು. ಅವಳು ಅಷ್ಟು ಹೇಳಿದ್ದರಿಂದ ಅವಳ ಅಮ್ಮ ದಿನಾ ಸಂಜೆ ಹತ್ತು ನಿಮಿಷ ಪಾಪುವನ್ನು ಅಪ್ಪನ ಕೈಗೆ ಕೊಟ್ಟು ಇವಳೊಬ್ಬಳನ್ನೇ ತೊಡೆ ಮೇಲೆ ಕೂರಿಸಿಕೊಳ್ಳಲು ಶುರು ಮಾಡಿದರು.

ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಚಿಕ್ಕ ಮಕ್ಕಳು ಮೂರು ನಾಲ್ಕು ಭಾಷೆ ಒಟ್ಟೊಟ್ಟಿಗೆ ಕಲಿಯಬಲ್ಲರು, ನಮ್ಮ ಹಾಲ್‌ನಲ್ಲಿ ದಿನಾ ನೋಡುತ್ತೇನೆ. ಸೇರಿಸಿ, ಆದರೆ ಮನೆಮಾತನ್ನು ಕಿತ್ತು ಆ ಜಾಗದಲ್ಲಿ ಇಡಬೇಡಿ. ಅಮ್ಮ ಯಾವ ಭಾಷೆಯಲ್ಲಿ ಮುದ್ದು ಮಾಡಬಲ್ಲಳೋ, ಯಾವ ಭಾಷೆಯಲ್ಲಿ ತನ್ನ ಸಂಕಟ ಹೇಳಿಕೊಳ್ಳಬಲ್ಲಳೋ, ಆ ಭಾಷೆ ಮಗುವಿಗೆ ಸಿಗಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಅದರ ಆಧಾರದ ಮೇಲೆ 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ಪಠ್ಯಕ್ರಮದ ಚೌಕಟ್ಟು, ಎರಡೂ ಮನೆಮಾತಿನಿಂದಲೇ ಶುರು ಮಾಡಿ ಅನ್ನುತ್ತವೆ. ಕಾಗದದ ಮೇಲಿರುವುದು ಅಡ್ಮಿಷನ್ ಕೌಂಟರ್‌ವರೆಗೆ ಬಂದಿಲ್ಲ, ಅಷ್ಟೇ.

ರಂಪ ಮಾಡುವಾಗ ಏನು ಮಾಡಬೇಕು ಅಂತ ತುಂಬಾ ಜನ ಕೇಳುತ್ತಾರೆ. ನಾನು ಮಾಡುವುದು ಇಷ್ಟು. ನೆಲದ ಮೇಲೆ ಕೂರುತ್ತೇನೆ, ಮಗುವಿಗಿಂತ ಎತ್ತರದಲ್ಲಿ ನಿಲ್ಲುವುದಿಲ್ಲ. ದನಿ ಇಳಿಸುತ್ತೇನೆ. ಹೊಡೆಯಲು ಬಂದರೆ ಕೈ ಹಿಡಿಯುತ್ತೇನೆ, "ಹೊಡೆಯೋಕೆ ಬಿಡಲ್ಲ" ಅಂತ ಒಮ್ಮೆ ಹೇಳುತ್ತೇನೆ. "ಸಿಟ್ಟು ಬಂದಿದೆ ನಿನಗೆ" ಅಂತ ಒಮ್ಮೆ ಹೇಳುತ್ತೇನೆ. ಆಮೇಲೆ ಬಾಯಿ ಮುಚ್ಚಿ ಕೂರುತ್ತೇನೆ, ಇದೇ ಎಲ್ಲಕ್ಕಿಂತ ಕಷ್ಟ. ಅಳು ಉಕ್ಕುವಾಗ ಬುದ್ಧಿ ಹೇಳಿದರೆ ಒಂದು ಅಕ್ಷರವೂ ಒಳಗೆ ಹೋಗುವುದಿಲ್ಲ. ಅಳು ಇಳಿದ ಮೇಲೆ ಒಂದು ಲೋಟ ನೀರು, ಆಮೇಲೆ ಮಾತು. ಕೇಳಿದ ಚಾಕೊಲೇಟ್ ಮಾತ್ರ ಕೊಡುವುದಿಲ್ಲ. ಸಿಟ್ಟು ಬರಬಹುದು, ಸಿಟ್ಟು ಮಾಡಿದರೆ ಚಾಕೊಲೇಟ್ ಬರುವುದಿಲ್ಲ, ಎರಡೂ ಮಗುವಿಗೆ ಗೊತ್ತಿರಬೇಕು.

ಇನ್ನು ಹಂಚಿಕೊಳ್ಳುವುದು. "ಶೇರ್ ಮಾಡು, ಗುಡ್ ಬಾಯ್ ಅಲ್ವಾ" ಅಂತ ಎರಡು ವರ್ಷದ ಮಗುವಿನ ಕೈಯಿಂದ ಆಟಿಕೆ ಕಿತ್ತು ಇನ್ನೊಬ್ಬನಿಗೆ ಕೊಡುವುದನ್ನು ಪಾರ್ಕಿನಲ್ಲಿ ದಿನಾ ನೋಡುತ್ತೇನೆ. ಆ ಮಗು ಅದರಿಂದ ಕಲಿಯುವುದು, ದೊಡ್ಡವರು ಕಿತ್ತುಕೊಳ್ಳಬಹುದು ಅನ್ನುವುದನ್ನು. 1932ರಷ್ಟು ಹಿಂದೆಯೇ ಮಿಲ್ಡ್ರೆಡ್ ಪಾರ್ಟನ್ ಅನ್ನುವ ಅಮೆರಿಕದ ಸಂಶೋಧಕಿ ಶಿಶುವಿಹಾರದ ಮಕ್ಕಳ ಆಟವನ್ನು ಕೂತು ಬರೆದಿಟ್ಟಿದ್ದರು. ಚಿಕ್ಕವರು ಅಕ್ಕಪಕ್ಕ ಕೂತು ಬೇರೆ ಬೇರೆ ಆಡುತ್ತಾರೆ, ಕೂಡಿ ಆಡುವುದು ನಿಧಾನಕ್ಕೆ ಬರುತ್ತದೆ. ಪಕ್ಕದಲ್ಲಿ ಕೂತು ಬೇರೆ ಆಡುವುದೂ ಒಂದು ಸ್ನೇಹವೇ, ಅದನ್ನು ಅವಸರ ಮಾಡಬಾರದು.

ನಮ್ಮಲ್ಲಿ ಒಂದೇ ಒಂದು ಕೆಂಪು ಸೈಕಲ್ ಇದೆ, ಮೂರು ಚಕ್ರದ್ದು. ಎರಡನೆಯದು ತರಬಹುದಿತ್ತು, ಬೇಕೆಂದೇ ತಂದಿಲ್ಲ. ಹಳಿ ಹತ್ತಿರ ಇರುವುದರಿಂದ ಲೋಕಲ್ ಹೋಗುವ ಸದ್ದು ಮನೆಯೊಳಗೆ ಚೆನ್ನಾಗಿ ಕೇಳುತ್ತದೆ. ನಿಯಮ ಏನೆಂದರೆ, ಎರಡು ಲೋಕಲ್ ಹೋಗುವವರೆಗೆ ಒಬ್ಬರ ಸರದಿ. ಐದು ನಿಮಿಷ ಅಂದರೆ ಮೂರು ವರ್ಷದ ಮಗುವಿಗೆ ಏನೂ ಅಲ್ಲ. ಎರಡು ಲೋಕಲ್ ಅಂದರೆ ಕಿವಿಯಲ್ಲಿ ಹಿಡಿಯಬಹುದಾದ ಸಮಯ. ಕಾಯುವ ಮಗು ಬಾಲ್ಕನಿಯ ಗ್ರಿಲ್ ಹಿಡಿದು ನಿಂತು ಎಣಿಸುತ್ತದೆ, ಸುತ್ತ ಇರುವವರೂ ಸೇರಿಕೊಂಡು ಎಣಿಸುತ್ತಾರೆ, ಮೊದಲನೆಯದು ಹೋಯಿತು ಅಂತ ಕೂಗುತ್ತಾರೆ, ಕಾಯುವುದೇ ಒಂದು ಆಟ ಆಗಿಬಿಡುತ್ತದೆ. ಭಾನುವಾರ ಹಳಿ ರಿಪೇರಿಯ ಮೆಗಾ ಬ್ಲಾಕ್ ಇದ್ದರೆ ಗಾಡಿಗಳು ಕಡಿಮೆ, ಅದೃಷ್ಟಕ್ಕೆ ಭಾನುವಾರ ನಮ್ಮಲ್ಲಿ ರಜೆ.

ಅವರೇ ಕಟ್ಟಿಕೊಂಡ ಇನ್ನೊಂದು ಆಟ ಲೇಡೀಸ್ ಡಬ್ಬಾ, ಅಂದರೆ ಲೋಕಲ್‌ನ ಹೆಂಗಸರ ಬೋಗಿ. ಪ್ಲಾಸ್ಟಿಕ್ ಕುರ್ಚಿಗಳನ್ನು ಎದುರು ಬದುರು ಇಟ್ಟು, ಯಾರು ಕಿಟಕಿ ಸೀಟು, ಯಾರು ಮೂವರ ಸೀಟಿನ ತುದಿಗೆ ಒತ್ತಿ ಕೂರುವ ಫೋರ್ತ್ ಸೀಟು, ಯಾರು ನಿಲ್ಲಬೇಕು, ಯಾರು ಕ್ಲಿಪ್ಪು ಬಳೆ ಮಾರಲು ಬರಬೇಕು ಅಂತ ಕಾಲು ಗಂಟೆ ಚರ್ಚೆ. ಆಟಕ್ಕಿಂತ ಚರ್ಚೆಯೇ ಜಾಸ್ತಿ ಹೊತ್ತು. ಬೇರೆ ಹೊತ್ತಿನಲ್ಲಿ ಒಂದು ಕ್ಷಣ ಕೂರಲಾರದ ಹುಡುಗ ಇಲ್ಲಿ 'ಭಾಂಡುಪ್ ಬಂದ ಮೇಲೆ ಸೀಟ್ ಕೊಡ್ತೀನಿ' ಅಂದರೆ ಭಾಂಡುಪ್ ಸ್ಟೇಷನ್ ಬರುವವರೆಗೆ ನಿಂತೇ ಇರುತ್ತಾನೆ. ರಷ್ಯಾದ ವಿಗೋಟ್‌ಸ್ಕಿ, 1934ರಲ್ಲೇ ತೀರಿಕೊಂಡ ಮನಃಶಾಸ್ತ್ರಜ್ಞ, ಇದನ್ನೇ ಹೇಳಿದ್ದರು. ಸುಳ್ಳುಸುಳ್ಳೇ ಆಡುವ ಆಟದಲ್ಲಿ ಮಗು ತನ್ನ ವಯಸ್ಸಿಗೆ ಮೀರಿದ ಶಿಸ್ತನ್ನು ತಾನೇ ಹಾಕಿಕೊಳ್ಳುತ್ತದೆ. ಈ ಆಟ ನಡೆಯುವಾಗ ನಾನು ನಡುವೆ ಹೋಗುವುದಿಲ್ಲ. ಜಗಳವಾಡಿ 'ಕಟ್ಟಿ' ಬಿಡುತ್ತಾರೆ, ಊರಲ್ಲಿ ನಾವು 'ಟೂ' ಬಿಡುತ್ತಿದ್ದ ಹಾಗೆ. ಹತ್ತು ನಿಮಿಷಕ್ಕೆ 'ಬಟ್ಟಿ', ಅಂದರೆ ರಾಜಿ ಆಗುತ್ತದೆ. ಪೆಟ್ಟು ಬೀಳುವ ಹಾಗಿದ್ದರೆ ಮಾತ್ರ ಏಳುತ್ತೇನೆ.

ಬಲವಂತದ 'ಸಾರಿ'ಯನ್ನೂ ನಾನು ಬಿಟ್ಟಿದ್ದೇನೆ. ಇನ್ನೊಬ್ಬರ ತಲೆಯೊಳಗೆ ಇರುವುದು ನನ್ನ ತಲೆಯೊಳಗೆ ಇರುವುದಕ್ಕಿಂತ ಬೇರೆ ಅಂತ ಮಕ್ಕಳಿಗೆ ಸರಿಯಾಗಿ ಹೊಳೆಯುವುದು ನಾಲ್ಕರ ಹೊತ್ತಿಗೆ. ಅದಕ್ಕೆ ಮುಂಚೆ ಸಾರಿ ಅನ್ನುವುದು ಬಿಡುಗಡೆಯ ಚೀಟಿ ಅಷ್ಟೇ. ಅದರ ಬದಲು, ಹೊಡೆದವನನ್ನು ಹೊಡೆಸಿಕೊಂಡವನ ಹತ್ತಿರ ಕರೆದುಕೊಂಡು ಹೋಗಿ "ನೋಡು, ಅವನ ಕೆನ್ನೆ ಕೆಂಪಾಗಿದೆ, ಏನು ಮಾಡೋಣ?" ಅನ್ನುತ್ತೇನೆ. ಒದ್ದೆ ಬಟ್ಟೆ ತರುತ್ತಾರೆ. ಊದುತ್ತಾರೆ. ತಮ್ಮ ಬಿಸ್ಕತ್ತು ಕೊಡುತ್ತಾರೆ. ಮಕ್ಕಳಲ್ಲಿ ಕರುಣೆ ಇಲ್ಲ ಅಂದುಕೊಳ್ಳಬೇಡಿ. ಬಾಲ್ಕನಿಯಲ್ಲಿ ಬಟ್ಟೆ ಹಾಕುವಾಗ ನನ್ನ ಕೈಯಿಂದ ಕ್ಲಿಪ್ ಬಿದ್ದರೆ ಒಂದೂವರೆ ವರ್ಷದ ಕೂಸು ತೆವಳಿಕೊಂಡು ಬಂದು ಎತ್ತಿ ಕೊಡುತ್ತದೆ. ಜರ್ಮನಿಯಲ್ಲಿ ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಸರಿಯಾಗಿ ಇದೇ ಇತ್ತು ಅಂತ ಮಗಳು ತೋರಿಸಿದಾಗ ನನಗೆ ಖುಷಿಯಾಯಿತು. 18 ತಿಂಗಳ ಮಕ್ಕಳು, ಕೆಳಗೆ ಬಿದ್ದ ಬಟ್ಟೆ ಕ್ಲಿಪ್, ಯಾರೂ ಕೇಳದೆ ಎತ್ತಿಕೊಟ್ಟ ಕೈ.

ಎರಡನೆಯ ಮಾತಿಗೆ ಬರುತ್ತೇನೆ, ಉಳಿಸಿಕೊಳ್ಳುವ ಮಾತಿಗೆ. ಒಂದು ಸಿಹಿ ಮುಂದಿಟ್ಟು, ಈಗಲೇ ತಿನ್ನದೆ ಕಾದರೆ ಎರಡು ಕೊಡುತ್ತೇನೆ ಅನ್ನುವ ಪ್ರಯೋಗ ನಿಮಗೂ ಗೊತ್ತಿರಬಹುದು, ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಷೆಲ್ 1960ರ ದಶಕದ ಕೊನೆಯಲ್ಲಿ ಶುರು ಮಾಡಿದ್ದು. ಕಾದ ಮಕ್ಕಳು ಮುಂದೆ ಜೀವನದಲ್ಲಿ ಗೆದ್ದರು ಅಂತ ಹೇಳಿ ಆ ಸಂದೇಶ ಮುಗಿಯುತ್ತದೆ. ಆದರೆ 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ವಿವರ ಇಟ್ಟುಕೊಂಡು ಮತ್ತೆ ನೋಡಿದಾಗ, ಮನೆಯ ಸ್ಥಿತಿಗತಿ ಲೆಕ್ಕಕ್ಕೆ ತೆಗೆದುಕೊಂಡರೆ ಆ ಸಂಬಂಧ ತುಂಬಾ ಸಣ್ಣದಾಯಿತು. ನನಗೆ ಇನ್ನೂ ಇಷ್ಟವಾದದ್ದು 2013ರ ಸೆಲೆಸ್ಟ್ ಕಿಡ್ ಅವರ ಪ್ರಯೋಗ. 28 ಮಕ್ಕಳು. ಮೊದಲು ಅರ್ಧದಷ್ಟು ಮಕ್ಕಳಿಗೆ ಒಳ್ಳೆಯ ಬಣ್ಣ, ಸ್ಟಿಕರ್ ತರುತ್ತೇನೆ ಅಂತ ಹೇಳಿ ತಂದುಕೊಟ್ಟರು. ಉಳಿದವರಿಗೆ ಹೇಳಿ, ವಾಪಸ್ ಬಂದು "ಇಲ್ಲ, ಮುಗಿದಿದೆ" ಅಂದರು. ಆಮೇಲೆ ಸಿಹಿ ಇಟ್ಟು ಕಾಯಲು ಹೇಳಿದರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ 3 ನಿಮಿಷ. ಕಾಯದ ಮಗುವಿಗೆ ತಾಳ್ಮೆ ಇಲ್ಲ ಅಂತ ನಾವು ಎಷ್ಟು ಬೇಗ ಹೇಳಿಬಿಡುತ್ತೇವೆ ಅಲ್ವಾ. ಆ ಮಗು ನಮ್ಮನ್ನು ಅಳೆದು ನೋಡಿ, ಸರಿಯಾದ ಲೆಕ್ಕವನ್ನೇ ಹಾಕಿರುತ್ತದೆ.

ಇದರ ಪರೀಕ್ಷೆ ನನಗೆ 2017ರ ಆಗಸ್ಟ್ 29ರಂದು ಆಯಿತು. ಗಣಪತಿಯ ಐದನೇ ದಿನ. ಮಧ್ಯಾಹ್ನದಿಂದ ಮಳೆ ಸುರಿದು ಲೋಕಲ್‌ಗಳು ನಿಂತವು. ಐದು ಮಕ್ಕಳು ನನ್ನ ಹತ್ತಿರ. ಅವರ ಅಪ್ಪ ಅಮ್ಮಂದಿರು ಒಬ್ಬರು ಪರೇಲ್‌ನಲ್ಲಿ, ಒಬ್ಬರು ದಾದರ್‌ನಲ್ಲಿ, ಒಬ್ಬರು ಕುರ್ಲಾದಲ್ಲಿ ನಿಂತ ಗಾಡಿಯೊಳಗೆ. ಸಂಜೆ ಆರೂವರೆಗೆ ಮಕ್ಕಳು ಬಾಗಿಲ ಕಡೆ ನೋಡಲು ಶುರು ಮಾಡಿದರು. ಹಳಿಯ ಕಡೆಯಿಂದ ಸದ್ದೇ ಇಲ್ಲ, ಅದನ್ನೂ ಗಮನಿಸಿದ್ದರು. "ಈಗ ಬರ್ತಾಳೆ ಅಮ್ಮ" ಅಂತ ನಾಲಿಗೆ ತುದಿಯವರೆಗೆ ಬಂದಿತ್ತು. ತಡೆದುಕೊಂಡೆ. ಐವರನ್ನೂ ಚಾಪೆ ಮೇಲೆ ಕೂರಿಸಿ, "ಲೋಕಲ್ ನಿಂತಿದೆ. ಅಮ್ಮ ಇವತ್ತು ರಾತ್ರಿ ಬರೋಕೆ ಆಗಲ್ಲ. ಮಳೆ ನಿಂತು ಗಾಡಿ ಶುರುವಾದ ಮೇಲೆ ಬರ್ತಾಳೆ. ಅಲ್ಲಿವರೆಗೆ ಕಾಕು ನಿಮ್ಮ ಜೊತೆ ಮಲಗ್ತಾಳೆ" ಅಂದೆ. ಇಬ್ಬರು ಅತ್ತರು, ಜೋರಾಗಿ ಅತ್ತರು. ನಾನು ಅಳಬೇಡಿ ಅನ್ನಲಿಲ್ಲ. ನೆಟ್‌ವರ್ಕ್ ಸಿಕ್ಕಿದ ಇಬ್ಬರು ಅಮ್ಮಂದಿರ ಜೊತೆ ಫೋನಿನಲ್ಲಿ ಮಾತಾಡಿಸಿದೆ. ಪಕ್ಕದ ಮನೆಯವರು ಮೋದಕ, ಅನ್ನ ಸಾರು ತಂದರು. ದೊಡ್ಡ ಹುಡುಗಿ, ನಾಲ್ಕು ವರ್ಷದವಳು, ಅಳುತ್ತಿದ್ದ ಚಿಕ್ಕವನ ಹತ್ತಿರ ಹೋಗಿ ಅವನ ಬೆನ್ನು ತಟ್ಟುತ್ತಾ "ಹೋಗಿ ಬರ್ತೀನಿ ಅಂದಿದಾಳಲ್ಲ ನಿನ್ನಮ್ಮ" ಅಂದಳು. ಆ ಮಾತು ನಾನು ಹೇಳಿಕೊಟ್ಟದ್ದಲ್ಲ. ಹತ್ತು ಗಂಟೆಗೆ ಐವರೂ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿದ್ದರು. ನನಗೆ ಮಾತ್ರ ನಿದ್ದೆ ಬರಲಿಲ್ಲ, ಹಳಿ ಕಡೆಗೇ ಕಿವಿ ಕೊಟ್ಟು ಕೂತಿದ್ದೆ.

ಮೊಬೈಲ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷ ತುಂಬುವವರೆಗೆ ಪರದೆ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನನ್ನ ಚಿಂತೆ ಮಗುವಿನ ಕೈಯ ಫೋನಿಗಿಂತ ಸಂಜೆ ಕರೆದುಕೊಂಡು ಹೋಗಲು ಬಂದವರ ಕೈಯ ಫೋನಿನ ಬಗ್ಗೆ. ಹತ್ತು ಗಂಟೆ ಕಾದ ಮಗು ಓಡಿಬಂದಾಗ ಒಂದು ನಿಮಿಷ ಅದನ್ನು ಬ್ಯಾಗಿನಲ್ಲಿಡಿ. ಇನ್ನೊಂದು ಮಾತು. ಎರಡು ವರ್ಷ ತುಂಬಿದರೂ ಎರಡು ಪದ ಸೇರಿಸಿ ಮಾತಾಡದ, ಹೆಸರು ಕರೆದರೆ ತಿರುಗದ ಮಗುವನ್ನು ಮಕ್ಕಳ ಡಾಕ್ಟರಿಗೆ ತೋರಿಸಿ, ನೆಂಟರು ಹೇಳುವ "ಆಮೇಲೆ ಸರಿಹೋಗುತ್ತೆ"ಗೆ ಕಾಯಬೇಡಿ.

ನಮ್ಮಿಂದ ಬಹಳ ದೂರವಿಲ್ಲ, ಈಗಿನ ಪಾಲ್ಘರ್ ಜಿಲ್ಲೆಯ ಬೋರ್ಡಿಯಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಹಳ್ಳಿ ಮಕ್ಕಳಿಗಾಗಿ ಬಾಲವಾಡಿ ಶುರು ಮಾಡಿದರು. ಆಮೇಲೆ ಕೋಸ್‌ಬಾಡ್ ಗುಡ್ಡಕ್ಕೆ ಹೋದರು. ಬುಡಕಟ್ಟಿನ ಮಕ್ಕಳು ಬಾಲವಾಡಿಗೆ ಬರಲಿಲ್ಲ, ಹಾಗಾಗಿ ಇವರೇ ಬಾಲವಾಡಿಯನ್ನು ಮಕ್ಕಳ ಮನೆಯಂಗಳಕ್ಕೆ ಒಯ್ದರು. ಅಂಗನವಾಡಿ ಅನ್ನುವುದು ಅಂಗಳದಿಂದಲೇ ಬಂದ ಹೆಸರು. 1975ರ ಅಕ್ಟೋಬರ್ 2ರಂದು ಸರ್ಕಾರದ ಶಿಶು ಅಭಿವೃದ್ಧಿ ಯೋಜನೆ ಬಂದ ಮೇಲೆ ಆ ಹೆಸರು ದೇಶದ ಊರೂರಿಗೆ ಹೋಯಿತು. ಮುಂಬಯಿಯ ಚಾಳ್‌ಗಳಲ್ಲಿ, ಅಂದರೆ ಸಾಲು ಮನೆಗಳ ಹಳೆಯ ಕಟ್ಟಡಗಳಲ್ಲಿ, ಉದ್ದದ ಪಡಸಾಲೆ ಇತ್ತು, ಹತ್ತು ಮನೆಯ ಮಕ್ಕಳು ಅಲ್ಲೇ ಬಿದ್ದು ಎದ್ದು ಜಗಳವಾಡಿ ಬೆಳೆದರು. ಈಗ ಚಾಳ್ ಹೋಗಿ ಟವರ್ ಬಂದಿದೆ, ಬಾಗಿಲು ಮುಚ್ಚಿದರೆ ಮಗು ಒಂಟಿ. ಅಂಗಳವಿಲ್ಲದ ಊರಿನಲ್ಲಿ ಅಂಗಳ ಎಲ್ಲಿಂದ ತರೋಣ ಅಂತ ನಾನು ಯೋಚಿಸುತ್ತಿರುತ್ತೇನೆ. ಸದ್ಯಕ್ಕೆ ನನ್ನ ಹತ್ತಿರ ಇರುವುದು ಈ ಹಾಲ್ ಮತ್ತು ಬಾಲ್ಕನಿ. ಶನಿವಾರ ಸಂಜೆ ಸೊಸೈಟಿಯ ಕಾಂಪೌಂಡಿನಲ್ಲಿ ಮಕ್ಕಳನ್ನು ಬಿಡಿ ಅಂತ ಕಮಿಟಿಯವರನ್ನು ಕೇಳಿದ್ದೇನೆ, ಕಾರು ನಿಲ್ಲಿಸುವ ಜಾಗ ಅಂತ ಎರಡು ಸಲ ಇಲ್ಲ ಅಂದಿದ್ದಾರೆ. ಮುಂದಿನ ಮೀಟಿಂಗ್‌ನಲ್ಲಿ ಮತ್ತೆ ಕೇಳುತ್ತೇನೆ.

ಈ ವಾರ ಹೊಸ ಮಗು ಬಂದಿದೆ. ಎರಡು ವರ್ಷ ಎರಡು ತಿಂಗಳು, ಗುಂಗುರು ಕೂದಲು, ಮನೆಯಲ್ಲಿ ಧಾರವಾಡದ ಕನ್ನಡ. ಸೋಮವಾರ ಅವಳ ಅಮ್ಮ ಪಾರಿವಾಳ ತೋರಿಸಿ ಹೋಗಲು ನೋಡಿದರು, ನಾನು ಮೆಟ್ಟಿಲಿಂದ ವಾಪಸ್ ಕರೆದೆ. ಅವರಿಗೆ ಬೇಸರವಾಯಿತು, ಗಾಡಿಯೂ ತಪ್ಪಿತು. ಸಂಜೆ ಕೂತು ಇದೆಲ್ಲ ಮಾತಾಡಿದೆವು. ಇವತ್ತು ಬೆಳಿಗ್ಗೆ ಅವರು ಚಪ್ಪಲಿ ಬಿಚ್ಚಿ ಒಳಗೆ ಬಂದು, ಚಾಪೆ ಮೇಲೆ ಕೂತು, "ನಾ ಹೋಗಿ ಬರ್ತೀನವಾ, ಸಂಜೀಕ ಬರ್ತೀನಿ" ಅಂತ ಮೂರು ಸಲ ಹೇಳಿದರು. ಮಗಳು ಕುತ್ತಿಗೆ ಹಿಡಿದುಕೊಂಡು ಅತ್ತಳು. ಬಾಗಿಲು ಹಾಕಿದ ಮೇಲೂ ಇಪ್ಪತ್ತು ನಿಮಿಷ ಅತ್ತಳು, ನಾನು ಅವಳ ಪಕ್ಕ ನೆಲದ ಮೇಲೆ ಕೂತಿದ್ದೆ. ಆಮೇಲೆ ಬಾಲ್ಕನಿಯಲ್ಲಿ ಯಾರೋ ಲೋಕಲ್ ಎಣಿಸುವುದು ಕೇಳಿ ಆ ಕಡೆ ತಲೆ ತಿರುಗಿಸಿದಳು. ನಾಳೆಯಿಂದ ಅವಳ ಅಮ್ಮ ಒಂದು ಗಾಡಿ ಬಿಟ್ಟು ಮುಂದಿನ ಗಾಡಿ ಹಿಡಿಯುತ್ತಾರಂತೆ, ಆಫೀಸಿನಲ್ಲಿ ಕೇಳಿಕೊಂಡಿದ್ದಾರಂತೆ.